ಉಡುಪಿ ಕಡೆ ನೆಲೆಸಲು ಬರುವವರಿಗೆ: ಬಾಡಿಗೆ ಮನೆಯೋ, ಅಂಗಳದ ಮನೆಯೋ, ಫ್ಲಾಟೋ?

"ಅಂತೂ ಊರಿಗೆ ಬರ್ತಿದ್ದೇವೆ. ಬಾಡಿಗೆ ಮನೆ ಹಿಡಿಯುವುದಾ, ತಗೊಂಡೇ ಬಿಡುವುದಾ?" ಮುಂಬೈಯಿಂದ, ಬೆಂಗಳೂರಿನಿಂದ, ದುಬೈಯಿಂದ ರಿಟೈರ್ ಆಗಿ ಉಡುಪಿ ಕಡೆ ಬರುವ ನೆಂಟರು, ಹಳೆಯ ಆಫೀಸಿನವರು ಫೋನ್ ಮಾಡಿದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಪ್ರತಿ ಸಲ ಅರ್ಧ ಗಂಟೆ ಮಾತಾಡುತ್ತೇನೆ. ಅದನ್ನೆಲ್ಲ ಒಂದೇ ಕಡೆ ಬರೆದಿಡೋಣ ಅನ್ನಿಸಿತು.

ನಾನು, ನಮ್ಮವರು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ 33 ವರ್ಷ ಇದ್ದವರು. 2018ರ ನವೆಂಬರಿನಲ್ಲಿ ಊರಿಗೆ ಬಂದೆವು. ಮೊದಲು ಉಡುಪಿ ಹತ್ತಿರ, ಸುವರ್ಣಾ ಹೊಳೆ ಬದಿಯ ಕಲ್ಯಾಣಪುರದಲ್ಲಿ ಒಂದು ಬಾಡಿಗೆ ಮನೆ. ಹಂಚಿನ ಮಾಡು, ಅಂಗಳ, ಬಾವಿ, ಆರು ತೆಂಗಿನಮರ. ಎರಡೂವರೆ ವರ್ಷ ಅಲ್ಲಿದ್ದು, ಆಮೇಲೆ ಉಡುಪಿ ಮತ್ತು ಮಣಿಪಾಲದ ನಡುವೆ ಎರಡು ಕೋಣೆಯ ಫ್ಲಾಟ್ ಕೊಂಡೆವು. ಅಕ್ಕ-ಭಾವ ನಮಗಿಂತ ಮೊದಲೇ ಕಾಪು ಹತ್ತಿರ 12 ಸೆಂಟ್ಸ್ (100 ಸೆಂಟ್ಸ್ ಅಂದರೆ ಒಂದು ಎಕರೆ) ಜಾಗ ತೆಗೆದು ಮನೆ ಕಟ್ಟಿಸಿದ್ದರು. ಅಲ್ಲಿಗೆ ತಿಂಗಳಿಗೆರಡು ಸಲವಾದರೂ ಹೋಗಿ ಬರುತ್ತೇನೆ. ಹಾಗಾಗಿ ಮೂರೂ ಬಗೆಯ ಮನೆಗಳ ಸುಖ-ಕಷ್ಟ ಹತ್ತಿರದಿಂದ ನೋಡಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಂದ ಕೂಡಲೇ ಕೊಳ್ಳಬೇಡಿ. ಎರಡು ಮಳೆಗಾಲ, ಅದರ ನಡುವಿನ ಒಂದು ಮೇ ತಿಂಗಳು ಬಾಡಿಗೆ ಮನೆಯಲ್ಲಿ ಕಳೆಯಿರಿ. ಆಮೇಲೆ ಕೊಳ್ಳುವುದಾದರೆ ಇವತ್ತಿನ ನಿಮ್ಮ 60ರ ಕಾಲಿಗೆ ಅಲ್ಲ, ನಾಳಿನ 75ರ ಕಾಲಿಗೆ ಹೊಂದುವ ಮನೆ ಕೊಳ್ಳಿ.

ಡಿಸೆಂಬರಿನಲ್ಲಿ ನೋಡಿದ ಮನೆ

ಹೆಚ್ಚಿನವರು ಡಿಸೆಂಬರ್ ರಜೆಯಲ್ಲಿ ಬಂದು ಮನೆ ನೋಡುತ್ತಾರೆ. ಆಗ ಬಿಸಿಲು ಹದವಾಗಿರುತ್ತದೆ. ಬಾವಿ ತುಂಬ ನೀರು. ಗೋಡೆಗೆ ಹೊಸ ಬಣ್ಣ ಬಳಿದಿರುತ್ತಾರೆ. ಆ ದಿನ ಯಾವ ಮನೆಯೂ ಚೆಂದವೇ.

ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುತ್ತದೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೆಂಗಳೂರಿನಲ್ಲಿ ಇಡೀ ವರ್ಷ ಬೀಳುವಷ್ಟು ಮಳೆ ಇಲ್ಲಿ ಜುಲೈ ಒಂದೇ ತಿಂಗಳಲ್ಲಿ ಬಿದ್ದುಹೋಗುತ್ತದೆ. ಮನೆಯ ನಿಜವಾದ ಪರೀಕ್ಷೆ ಆಗ. ಗಾಳಿ ಯಾವ ಕಡೆಯಿಂದ ಇರಚಲು ಹೊಡೆಯುತ್ತದೆ, ಯಾವ ಗೋಡೆಗೆ ತೇವ ಏರುತ್ತದೆ, ಕಪಾಟಿನೊಳಗಿನ ಸೀರೆಗೆ ಬೂಷ್ಟು ಬರುತ್ತದೋ ಇಲ್ಲವೋ, ರಸ್ತೆಯ ನೀರು ಗೇಟಿನೊಳಗೆ ನುಗ್ಗುತ್ತದೋ ಎಂಬುದೆಲ್ಲ ಒಂದು ಮಳೆಗಾಲ ಅಲ್ಲೇ ಇದ್ದರೆ ಮಾತ್ರ ಗೊತ್ತಾಗುತ್ತದೆ. 2020ರ ಸೆಪ್ಟೆಂಬರ್ 20ರ ಭಾನುವಾರ ಉಡುಪಿಯಲ್ಲಿ ನೆರೆ ಬಂದದ್ದು ನಿಮಗೂ ನೆನಪಿರಬಹುದು. ಅವತ್ತು ಬೆಳಿಗ್ಗೆ ಬಾಗಿಲು ತೆಗೆದರೆ ನಮ್ಮ ಅಂಗಳವೇ ಕಾಣಲಿಲ್ಲ. ಸುವರ್ಣಾ ಹೊಳೆಯ ನೀರು ಜಗಲಿಯ ಎರಡನೇ ಮೆಟ್ಟಿಲವರೆಗೆ ಬಂದಿತ್ತು. ನಮ್ಮ ಬೀದಿಯ ಕೊನೆಯಲ್ಲಿ ಒಂದು ಮನೆ ಮಾರಾಟಕ್ಕಿತ್ತು, ನಮ್ಮವರಿಗೆ ಅದರ ಮೇಲೆ ಕಣ್ಣಿತ್ತು. ಆ ಮನೆಯ ಅಡಿಗೆಕೋಣೆಗೇ ನೀರು ನುಗ್ಗಿತ್ತು. ಹಿಂದಿನ ಚಳಿಗಾಲ ನಾವು ಆತುರಪಟ್ಟಿದ್ದರೆ ಅದು ನಮ್ಮ ಮನೆಯಾಗಿರುತ್ತಿತ್ತು.

ಮೇ ತಿಂಗಳ ಪರೀಕ್ಷೆ ಬೇರೆ. ನಾವು ಬಂದ ಮೊದಲ ಬೇಸಿಗೆ, 2019ರಲ್ಲಿ, ಉಡುಪಿ ನಗರಕ್ಕೆ ನೀರು ಕೊಡುವ ಬಜೆ ಅಣೆಕಟ್ಟಿನಲ್ಲೇ ನೀರು ತಳ ಸೇರಿತ್ತು. ನಮಗೆ ಬಾವಿ ಇದೆಯಲ್ಲ ಎಂಬ ಧೈರ್ಯ. ಏಪ್ರಿಲ್ ಕೊನೆಗೆ ಹಗ್ಗ ಸಾಲದೆ ಎರಡು ಮಾರು ಸೇರಿಸಿ ಕಟ್ಟಿದೆ. ಮೇ ಎರಡನೇ ವಾರ ಕುಕ್ಕರಿನಲ್ಲಿ ಎಷ್ಟು ಸೀಟಿ ಹಾಕಿಸಿದರೂ ತೊಗರಿಬೇಳೆ ಬೇಯಲಿಲ್ಲ. ಮರುದಿನ ಚಹಾ ಉಪ್ಪುಪ್ಪು. ಹೊಳೆಯಲ್ಲಿ ಸಿಹಿನೀರು ಕಡಿಮೆಯಾದಾಗ ಕಡಲಿನ ಭರತದ ನೀರು ಮೇಲೇರಿ ಬರುತ್ತದೆ. ಅದು ನೆಲದಡಿಯಿಂದ ಬಾವಿಗೂ ಸೇರುತ್ತದೆ. ಮಳೆ ಹಿಡಿಯುವ ತನಕ ನಾವು ಕುಡಿಯುವ ನೀರನ್ನು ಎದುರು ಮನೆಯಿಂದ ಕೊಡಪಾನದಲ್ಲಿ ತಂದೆವು. ಅವರ ಬಾವಿ ನಮ್ಮದಕ್ಕಿಂತ ಬರೀ ನೂರು ಹೆಜ್ಜೆ ದೂರ, ಸ್ವಲ್ಪ ಎತ್ತರದಲ್ಲಿದೆ. ಅಲ್ಲಿ ಉಪ್ಪಿನ ಸುಳಿವೇ ಇಲ್ಲ. ಜಾಗದ ಕಾಗದದಲ್ಲಿ ಇದು ಎಲ್ಲೂ ಬರೆದಿರುವುದಿಲ್ಲ ಅಲ್ವಾ?

ಅಂಗಳದ ಸ್ವಂತ ಮನೆ

ಊರಿಗೆ ಬರುವವರ ಮನಸ್ಸಿನಲ್ಲಿ ಇರುವುದು ಇದೇ ಚಿತ್ರ. ತುಳಸಿಕಟ್ಟೆ, ಬಾವಿಕಟ್ಟೆ, ಹಿತ್ತಿಲಲ್ಲಿ ನಾಲ್ಕು ಬಾಳೆ, ಬಸಳೆ ಚಪ್ಪರ. ನನಗೂ ಇದು ಇಷ್ಟ, ಈಗಲೂ ಇಷ್ಟ. ಬಾಡಿಗೆ ಮನೆಯ ಅಂಗಳದಲ್ಲಿ ನಾನು ಬೆಳೆಸಿದ ಬಸಳೆಯ ರುಚಿ ಪೇಟೆಯಿಂದ ತಂದದ್ದಕ್ಕೆ ಬರುವುದಿಲ್ಲ. ಆದರೆ ಕರಾವಳಿಯಲ್ಲಿ ಮನೆ ಉಳಿಸಿಕೊಳ್ಳಲು ದುಡ್ಡೊಂದೇ ಸಾಲದು, ಜನ ಬೇಕು. ಹಳೆಯ ಕಾಲದಲ್ಲಿ ಮನೆ ತುಂಬ ಜನ ಇದ್ದರು, ಒಕ್ಕಲಿದ್ದರು. ಈಗ ಇರುವುದು ನಾವಿಬ್ಬರೇ.

ಅಕ್ಕನ ಮನೆಗೆ ಕಡಲು ಅರ್ಧ ಕಿಲೋಮೀಟರ್. ಕಟ್ಟಿಸಿ ನಾಲ್ಕು ವರ್ಷವಾದಾಗ ನಾನು ಅವಳ ಅಡಿಗೆಕೋಣೆಯ ಕಿಟಕಿ ಹತ್ತಿರ ನಿಂತಿದ್ದೆ. ಸರಳಿನ ಬಣ್ಣ ಅಲ್ಲಲ್ಲಿ ಉಬ್ಬಿತ್ತು. ಬೆರಳಿನಿಂದ ಒತ್ತಿದೆ. ಒಳಗಿನ ತುಕ್ಕು ಹಪ್ಪಳದ ಹಾಗೆ ಪದರ ಪದರವಾಗಿ ಎದ್ದು ಬಂತು. ಕೆಳಗಿನ ಬಿಳಿ ಕಲ್ಲಿನ ಮೇಲೆ ಕಂದು ಗೆರೆ ಇಳಿದಿತ್ತು. ತಿಕ್ಕಿ ತಿಕ್ಕಿ ಸಾಕಾಯಿತು, ಹೋಗುವುದೇ ಇಲ್ಲ ಎಂದಳು ಅಕ್ಕ. ಉಪ್ಪುಗಾಳಿಗೆ ಗೇಟು, ಎಸಿಯ ಹೊರಗಿನ ಪೆಟ್ಟಿಗೆ, ವಾಷಿಂಗ್ ಮೆಷಿನ್, ಕೊನೆಗೆ ಪರದೆಯ ಕೊಂಡಿಗಳೂ ಬೇಗ ಹಾಳಾಗುತ್ತವೆ. ಇದೆಲ್ಲ ಕಣ್ಣಿಗೆ ಕಾಣುವಂಥದ್ದು, ಬದಲಾಯಿಸಬಹುದು. ಸ್ಲ್ಯಾಬಿನ ಒಳಗಿನ ಕಬ್ಬಿಣದ್ದು ದೊಡ್ಡ ವಿಷಯ. ಉಪ್ಪು ಕಾಂಕ್ರೀಟಿನ ಒಳಗೆ ಇಳಿದು ಸರಳಿಗೆ ತುಕ್ಕು ಹಿಡಿದರೆ ಅದು ಉಬ್ಬುತ್ತದೆ, ಉಬ್ಬಿದಾಗ ಅಡಿಯ ಸಿಮೆಂಟ್ ಒಡೆದು ಬೀಳುತ್ತದೆ. ಕಡಲ ಹತ್ತಿರದ ಹಳೆಯ ತಾರಸಿ ಮನೆ ನೋಡಲು ಹೋದರೆ ದಯವಿಟ್ಟು ತಲೆ ಎತ್ತಿ ಛಾವಣಿ ನೋಡಿ. ತೇಪೆ ಹಾಕಿದ ಜಾಗ ಎಷ್ಟಿದೆ ಎಂದು ಲೆಕ್ಕ ಹಾಕಿ.

ಹಂಚಿನ ಮನೆಗೆ ಈ ತೊಂದರೆ ಇಲ್ಲ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಈ ಮಳೆಗೆ ಈ ಮಾಡೇ ಸರಿ ಎಂದು ಕರಾವಳಿಯೇ ಒಪ್ಪಿಕೊಂಡಿತು. ಮುರಕಲ್ಲಿನ ಗೋಡೆ, ಮೇಲೆ ಹಂಚು, ಒಳಗೆ ತಂಪು. ಆದರೆ ಹಂಚು ಹೊರುವ ಮರದ ಪಕ್ಕಾಸು-ರೀಪಿಗೆ ಒರಲೆ (ಗೆದ್ದಲು) ಹಿಡಿಯುತ್ತದೆ. ತೆಂಗಿನಕಾಯಿ ಬಿದ್ದು ಹಂಚು ಒಡೆಯುತ್ತದೆ. ಮೇ ಕೊನೆಗೆ ಯಾರಾದರೂ ಮಾಡಿಗೆ ಹತ್ತಿ ಎಲೆ ಗುಡಿಸಿ, ಒಡೆದ ಹಂಚು ಬದಲಿಸಬೇಕು. ಆ ಕೆಲಸ ಗೊತ್ತಿರುವವರು ಊರಿಗೆ ಒಬ್ಬರೋ ಇಬ್ಬರೋ. ಅವರಿಗೆ ಎಲ್ಲರ ಮನೆಯಿಂದಲೂ ಅದೇ ವಾರ ಫೋನ್. ತೆಂಗಿನಕಾಯಿ ಕೊಯ್ಯುವವರದ್ದೂ ಇದೇ ಕತೆ. ದುಡ್ಡು ಕೊಡಲು ನಾವು ತಯಾರು, ಬರಲು ಜನ ಇಲ್ಲ. ತಾರಸಿ ಸೋರಿದರೆ ಈಗ ಎಲ್ಲರೂ ಮಾಡುವುದು ಮೇಲೆ ಶೀಟ್ ಹಾಕಿಸುವುದು. ಒಳ್ಳೆಯ ಉಪಾಯವೇ, ಬಟ್ಟೆ ಒಣಗಿಸಲೂ ಆಗುತ್ತದೆ. ಕೊಳ್ಳುವ ಮನೆಗೆ ಶೀಟ್ ಇಲ್ಲದಿದ್ದರೆ ಆ ಖರ್ಚನ್ನೂ ಮೊದಲೇ ಸೇರಿಸಿಕೊಳ್ಳಿ.

ಎಲ್ಲಕ್ಕಿಂತ ನನಗೆ ಭಯ ಪಾಚಿಯದ್ದು. ಜೂನ್ ಮುಗಿಯುವಷ್ಟರಲ್ಲಿ ಅಂಗಳ, ಮೆಟ್ಟಿಲು, ಬಾವಿಕಟ್ಟೆಯ ಸುತ್ತ ಹಸಿರು ಪಾಚಿ ಕಟ್ಟುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದರೆ ನಾಲ್ಕು ದಿನ ಹೋಗುತ್ತದೆ, ಮತ್ತೆ ಬರುತ್ತದೆ. ನಾವು ಜಗಲಿಯಿಂದ ಬಚ್ಚಲಿನವರೆಗೆ ಗೋಣಿಚೀಲ ಹಾಸಿ, ಹಿಡಿದು ನಡೆಯಲು ಒಂದು ನೈಲಾನ್ ಹಗ್ಗ ಕಟ್ಟಿದ್ದೆವು. ಆದರೂ 2020ರ ಜುಲೈಯಲ್ಲಿ ನಮ್ಮವರು ಹೂ ಕೊಯ್ಯಲು ಹೋಗಿ ಜಾರಿ ಬಿದ್ದರು. ಮಣಿಕಟ್ಟು ಬಿರುಕು ಬಿಟ್ಟಿತು, ಸೊಂಟ ಉಳಿಯಿತು. ಸೊಂಟವೇ ಮುರಿದಿದ್ದರೆ? 70 ದಾಟಿದವರಿಗೆ ಸೊಂಟದ ಮೂಳೆ ಮುರಿಯುವುದು ಅಂದರೆ ಏನೆಂದು ಮನೆಯಲ್ಲಿ ಹಿರಿಯರಿದ್ದವರಿಗೆಲ್ಲ ಗೊತ್ತು. ಅಂಗಳದ ಮನೆ ಕೊಳ್ಳುವುದಾದರೆ ಬಚ್ಚಲು, ಪಾಯಿಖಾನೆ ಮನೆಯೊಳಗೇ ಇರಲಿ. ಮಲಗುವ ಕೋಣೆ ಕೆಳಗಿರಲಿ. ಗೇಟಿನಿಂದ ಬಾಗಿಲಿನವರೆಗೆ ಮೇಲೆ ಶೀಟ್, ಕೆಳಗೆ ಜಾರದ ಇಂಟರ್‌ಲಾಕ್ ಹಾಕಿಸಿ. ಚೆಂದಕ್ಕೆಂದು ನುಣ್ಣನೆಯ ಟೈಲ್ಸ್ ಬೇಡವೇ ಬೇಡ.

ಈಗಿನ 5-6 ಸೆಂಟ್ಸ್ ಜಾಗದ ಮನೆಗಳಲ್ಲಿ ಇನ್ನೊಂದು ವಿಷಯ. ಶೌಚದ ಗುಂಡಿ ಮತ್ತು ಬಾವಿ ಎರಡೂ ಅಷ್ಟೇ ಜಾಗದೊಳಗೆ ಮಾಡಬೇಕಾಗುತ್ತದೆ. ನಮ್ಮ ಗುಂಡಿ ದೂರ ಇದ್ದರೂ ಪಕ್ಕದವರ ಗುಂಡಿ ಕಂಪೌಂಡಿನ ಆಚೆ ನಮ್ಮ ಬಾವಿಗೇ ತಾಗಿಕೊಂಡಿರಬಹುದು. 50 ಅಡಿಯಾದರೂ ದೂರ ಇರಲಿ. ಮುಂಗಡ ಕೊಡುವ ಮೊದಲು ನೀರು ಪರೀಕ್ಷೆ ಮಾಡಿಸಿ.

ದುಡ್ಡಿನ ಲೆಕ್ಕ

"ಬಾಡಿಗೆ ಕಟ್ಟುವುದು ಅಂದರೆ ನೀರಿಗೆ ಹಾಕಿದ ಹಾಗೆ" ಎಂದು ನಮ್ಮ ಕಡೆ ಹೇಳುತ್ತಾರೆ. ನಿವೃತ್ತರ ವಿಷಯದಲ್ಲಿ ಇದು ಪೂರ್ತಿ ನಿಜವಲ್ಲ. ಒಂದು ಉದಾಹರಣೆ ಹಿಡಿದು ಲೆಕ್ಕ ಹಾಕೋಣ.

60 ಲಕ್ಷದ ಮನೆ ಎಂದುಕೊಳ್ಳಿ. ನಗರಸಭೆ ವ್ಯಾಪ್ತಿಯಲ್ಲಿ ಮುದ್ರಾಂಕ ಶುಲ್ಕ 5%, ಅದರ ಮೇಲಿನ ಸೆಸ್, ಸರ್ಚಾರ್ಜ್ ಸೇರಿ 5.6%. ಅಂದರೆ 3.36 ಲಕ್ಷ. ನೋಂದಣಿ ಶುಲ್ಕ ಮೊದಲು 1% ಇತ್ತು, 2025ರ ಆಗಸ್ಟ್ 31ರಿಂದ 2% ಆಗಿದೆ. ಅದು 1.2 ಲಕ್ಷ. ಒಟ್ಟು 4.56 ಲಕ್ಷ ರಿಜಿಸ್ಟ್ರೇಷನ್ ದಿನವೇ ಹೋಯಿತು. ಎರಡು ವರ್ಷದ ಮೇಲೆ "ಇದು ನಮಗೆ ಆಗಲಿಲ್ಲ" ಎಂದು ಮಾರಿದರೆ ಈ ದುಡ್ಡು ವಾಪಸ್ ಬರುವುದಿಲ್ಲ. ಬ್ರೋಕರ್ ಕಮಿಷನ್, ದುರಸ್ತಿ ಬೇರೆ.

ಅದೇ 60 ಲಕ್ಷವನ್ನು ಗಂಡ-ಹೆಂಡತಿ ತಲಾ 30 ಲಕ್ಷದಂತೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟರೆ? 30 ಲಕ್ಷ ಒಬ್ಬರಿಗೆ ಇರುವ ಮಿತಿ. 8.2% ಬಡ್ಡಿಯ ಲೆಕ್ಕದಲ್ಲಿ ವರ್ಷಕ್ಕೆ 4.92 ಲಕ್ಷ, ತಿಂಗಳಿಗೆ 41,000 ರೂಪಾಯಿ. ಇಟ್ಟ ದಿನದ ದರ 5 ವರ್ಷಕ್ಕೆ ಬದಲಾಗುವುದಿಲ್ಲ. ಬಡ್ಡಿ ಕೈಗೆ ಬರುವುದು ಮೂರು ತಿಂಗಳಿಗೊಮ್ಮೆ, ಅದಕ್ಕೆ ಆದಾಯ ತೆರಿಗೆಯೂ ಇದೆ. ಬಾಡಿಗೆ 15,000 ಎಂದು ಹಿಡಿದರೂ ತಿಂಗಳಿಗೆ 26,000 ಕೈಯಲ್ಲಿ ಉಳಿಯುತ್ತದೆ. ಔಷಧಿಗೆ, ಕೆಲಸದವರಿಗೆ, ವರ್ಷಕ್ಕೊಮ್ಮೆ ಮಕ್ಕಳ ಮನೆಗೆ ಹೋಗಿ ಬರಲು ಅದು ದೊಡ್ಡ ಬಲ.

ಆದರೆ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಿದರೆ ತಪ್ಪು. ಬಾಡಿಗೆ ವರ್ಷಕ್ಕೆ 5% ಏರಿದರೆ ಇವತ್ತಿನ 15,000 ಹತ್ತು ವರ್ಷಕ್ಕೆ 24,400 ದಾಟುತ್ತದೆ. ಇಪ್ಪತ್ತು ವರ್ಷಕ್ಕೆ ಹೆಚ್ಚುಕಡಿಮೆ 39,800. ಬಡ್ಡಿ ಮಾತ್ರ ಏರುವುದಿಲ್ಲ. ಅಂದರೆ 60ಕ್ಕೆ ಸುಲಭವಾದ ಬಾಡಿಗೆ 80ಕ್ಕೆ ಬಡ್ಡಿಯನ್ನೆಲ್ಲ ನುಂಗುತ್ತದೆ. ಅದಕ್ಕೇ ನಾನು ಮೊದಲ ಕೆಲವು ವರ್ಷ ಬಾಡಿಗೆ ಎನ್ನುವುದು, ಜೀವಮಾನವಿಡೀ ಅಲ್ಲ. ಮನೆ ಕೊಂಡವರಿಗೆ ಬಾಡಿಗೆ ಏರುವ ಚಿಂತೆ ಇಲ್ಲ. ಆದರೆ ಇದ್ದಬದ್ದ ದುಡ್ಡನ್ನೆಲ್ಲ ಗೋಡೆಗೆ ಹಾಕಿ, ಆಸ್ಪತ್ರೆಯ ಬಿಲ್ಲಿಗೆ ಮಕ್ಕಳ ಮುಖ ನೋಡುವ ಪರಿಸ್ಥಿತಿ ಯಾರಿಗೂ ಬೇಡ. ನಮ್ಮ ಮನೆಯಲ್ಲಿ ನಾವು ಮಾಡಿಕೊಂಡ ನಿಯಮ: ಇರುವ ಒಟ್ಟು ಹಣದ ಅರ್ಧಕ್ಕಿಂತ ಜಾಸ್ತಿ ಮನೆಗೆ ಹಾಕುವುದಿಲ್ಲ.

ಮನೆ ಕೊಂಡು ಕೈ ಖಾಲಿಯಾದವರಿಗೆ ರಿವರ್ಸ್ ಮಾರ್ಟ್‌ಗೇಜ್ ಎಂಬ ದಾರಿ ಇದೆ. 60 ದಾಟಿದವರು ವಾಸದ ಮನೆಯನ್ನು ಬ್ಯಾಂಕಿಗೆ ಅಡವಿಟ್ಟು ತಿಂಗಳು ತಿಂಗಳು ಹಣ ಪಡೆಯಬಹುದು, ಹೆಚ್ಚೆಂದರೆ 20 ವರ್ಷ. ಇಬ್ಬರಲ್ಲಿ ಒಬ್ಬರು ಇರುವ ತನಕವೂ ಮನೆ ಬಿಡಬೇಕಿಲ್ಲ. ನಮ್ಮ ಜನ ಇದಕ್ಕೆ ಮನಸ್ಸು ಮಾಡುವುದು ಕಡಿಮೆ. ಮಕ್ಕಳಿಗೆ ಏನು ಉಳಿಯುತ್ತದೆ ಎಂಬ ಚಿಂತೆ. ಮಕ್ಕಳ ಜೊತೆ ಕೂತು ಮಾತಾಡಿದರೆ ಎಷ್ಟೋ ಸಲ ಅವರೇ "ನೀವು ಆರಾಮಾಗಿ ಇರಿ ಅಮ್ಮ" ಎನ್ನುತ್ತಾರೆ.

ಮುಂಬೈ ಅಥವಾ ಬೆಂಗಳೂರಿನ ಮನೆ ಮಾರಿ ಬರುವವರಿಗೆ ಒಂದು ಮುಖ್ಯ ಮಾತು. ಮಾರಿದ ಲಾಭದ ಮೇಲಿನ ತೆರಿಗೆ ಉಳಿಸಲು ಮಾರಿದ ದಿನದಿಂದ 2 ವರ್ಷದೊಳಗೆ ಬೇರೆ ಮನೆ ಕೊಳ್ಳಬೇಕು, ಇಲ್ಲವೇ 3 ವರ್ಷದೊಳಗೆ ಕಟ್ಟಿಸಬೇಕು. "ಹಾಗಾದರೆ ಬೇಗ ಕೊಳ್ಳಲೇಬೇಕಲ್ಲ" ಎಂದು ಆತುರಪಡುವವರೇ ಹೆಚ್ಚು. 2 ವರ್ಷ ಅಂದರೆ ಎರಡು ಮಳೆಗಾಲ! ಅಷ್ಟರ ತನಕ ಹಣವನ್ನು ಎಲ್ಲೆಂದರಲ್ಲಿ ಇಡುವಂತಿಲ್ಲ. ರಿಟರ್ನ್ ಸಲ್ಲಿಸುವ ಕೊನೆಯ ದಿನದೊಳಗೆ ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಗೆ ಹಾಕಬೇಕು. ನಾವು 2019ರ ಆಗಸ್ಟಿನಲ್ಲಿ ಡೊಂಬಿವಲಿ ಮನೆ ಮಾರಿ, 2021ರ ಜುಲೈಯಲ್ಲಿ ಇಲ್ಲಿ ಕೊಂಡೆವು. ಒಂದು ತಿಂಗಳು ಬಾಕಿ ಇತ್ತು. ಅಷ್ಟು ಕೊನೆಗೆ ತಳ್ಳಬೇಡಿ, ಕೊನೆಯ ವಾರಗಳಲ್ಲಿ ನಿದ್ದೆ ಬರುವುದಿಲ್ಲ.

ಬಾಡಿಗೆ ಮನೆ

ಉಡುಪಿ ಕಡೆ ಬೀಗ ಹಾಕಿದ ಒಳ್ಳೆಯ ಮನೆಗಳು ತುಂಬ ಇವೆ. ಮಾಲೀಕರು ಮುಂಬೈಯಲ್ಲಿ, ಗಲ್ಫ್‌ನಲ್ಲಿ. ಅವರಿಗೆ ಬಾಡಿಗೆಗಿಂತ "ಮನೆಯಲ್ಲಿ ದೀಪ ಹಚ್ಚುವವರು ಬೇಕು" ಎಂಬ ಆಸೆ. ನಿವೃತ್ತ ದಂಪತಿ ಅಂದರೆ ಸಂತೋಷದಿಂದ ಕೊಡುತ್ತಾರೆ. ಮಣಿಪಾಲದ ಒಳಗೆ ವಿದ್ಯಾರ್ಥಿಗಳ ಬೇಡಿಕೆ ಇರುವುದರಿಂದ ಬಾಡಿಗೆ ಜಾಸ್ತಿ, ಮೂರು-ನಾಲ್ಕು ಕಿಲೋಮೀಟರ್ ಆಚೆ ಬಂದರೆ ಇಳಿಯುತ್ತದೆ.

ಬಾಡಿಗೆಯ ದೊಡ್ಡ ಸುಖ ಏನೆಂದರೆ ಮಾಡು ಸೋರಿದರೆ ಓನರಿಗೆ ಫೋನ್ ಮಾಡಬಹುದು. ನೆರೆಮನೆ ಸರಿ ಇಲ್ಲದಿದ್ದರೆ ಬಿಟ್ಟು ಹೋಗಬಹುದು. ನಮಗೆ ಕಲ್ಯಾಣಪುರ ಆಗಲಿಲ್ಲ ಎಂದು ತಿಳಿಯಲು ಎರಡು ವರ್ಷದ ಬಾಡಿಗೆ ಹೋಯಿತು, ಅಷ್ಟೇ.

ಕಷ್ಟವೂ ಇದೆ. ಇಂಥ ಮನೆಗಳಲ್ಲಿ ಒಂದು ಕೋಣೆಯನ್ನು ಓನರ್ ಬೀಗ ಹಾಕಿ ಇಟ್ಟುಕೊಳ್ಳುತ್ತಾರೆ. ಮದುವೆಗೋ ದೈವದ ನೇಮಕ್ಕೋ ಮೇ ತಿಂಗಳಲ್ಲಿ ಬಂದು ಹತ್ತು ದಿನ ಇರುತ್ತಾರೆ. ಅದನ್ನು ಮೊದಲೇ ಮಾತಾಡಿಕೊಳ್ಳಿ. ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಲೇಬೇಕು, ಅದನ್ನು ತಪ್ಪಿಸಲು ಹೀಗೆ ಮಾಡುತ್ತಾರೆ. ನಿವೃತ್ತರು 3 ವರ್ಷದ ಕರಾರು ಕೇಳಿ, ಖರ್ಚು ನಮ್ಮದೇ ಎಂದು ಹೇಳಿ ನೋಂದಣಿ ಮಾಡಿಸಿಕೊಳ್ಳುವುದು ಒಳ್ಳೆಯದು. ನಾವು ಮಾಡಿಸಿರಲಿಲ್ಲ. 2021ರ ಮೇ ಕೊನೆಗೆ ಓನರ್ ಫೋನ್ ಮಾಡಿ, ಗಲ್ಫ್‌ನಲ್ಲಿದ್ದ ಮಗನ ಕೆಲಸ ಹೋಗಿದೆ, ಕುಟುಂಬ ಬರುತ್ತಿದೆ, ಎರಡು ತಿಂಗಳಲ್ಲಿ ಬಿಟ್ಟುಕೊಡಿ ಎಂದರು. ಅವರ ಕಷ್ಟ ನಿಜವಾದದ್ದೇ. ಆದರೆ ಸುರಿಯುವ ಮಳೆಯಲ್ಲಿ, ಕೊರೊನಾ ಕಾಲದಲ್ಲಿ, ಈ ವಯಸ್ಸಿನಲ್ಲಿ ಪಾತ್ರೆಪಗಡಿ ಕಟ್ಟುವುದಿದೆಯಲ್ಲ, ಆ ದಣಿವು ಯಾವ ಲೆಕ್ಕದಲ್ಲೂ ಬರುವುದಿಲ್ಲ. ಟೆಂಪೋದಲ್ಲಿ ಟರ್ಪಾಲಿನ ಅಡಿ ಇಟ್ಟಿದ್ದ ಹಾಸಿಗೆ ಒದ್ದೆಯಾಗಿ, ಹೊಸ ಮನೆಯ ಮೊದಲ ರಾತ್ರಿ ಚಾಪೆ ಮೇಲೆ ಮಲಗಿದೆವು. ಬಾಡಿಗೆಯನ್ನು 70ರೊಳಗೆ ಮುಗಿಸಿಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ.

ಕರಾರಿನಲ್ಲಿ ಇದಿಷ್ಟು ಬರೆಸಿ: ಮಾಡಿನ ರಿಪೇರಿ, ಪಂಪು, ಬಾವಿ ಕೆಸರು ತೆಗೆಸುವುದು ಯಾರ ಖರ್ಚು. ತೆಂಗಿನಕಾಯಿ ಯಾರಿಗೆ. ಬಿಡಿಸುವುದಾದರೆ ಮೂರು ತಿಂಗಳ ನೋಟಿಸ್, ಅದೂ ಜೂನ್‌ನಿಂದ ಸೆಪ್ಟೆಂಬರ್ ಬಿಟ್ಟು. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಓನರ್ ಎನ್‌ಆರ್‌ಐ ಆಗಿದ್ದರೆ ಬಾಡಿಗೆ ಮೊತ್ತ ಸಣ್ಣದಾದರೂ ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಕಡಿದು ಕಟ್ಟುವ ಹೊಣೆ ಬಾಡಿಗೆದಾರರದ್ದು, ದರ 30%ಕ್ಕೂ ಮೇಲೆ. ಊರಿನಲ್ಲಿರುವ ಅವರ ತಮ್ಮನ ಖಾತೆಗೆ ಹಾಕಿದರೆ ಆಯಿತು ಎಂದು ನಂಬಿ ಕೂರಬೇಡಿ, ಆಡಿಟರನ್ನು ಕೇಳಿ.

ಕಾಗದ ಪತ್ರ

ಕೊಳ್ಳುವುದು ಎಂದು ನಿಶ್ಚಯವಾದರೆ ಕರಾವಳಿಯ ಕಾಗದಗಳೇ ಬೇರೆ ಎಂದು ತಿಳಿದಿರಿ. ಬೆಂಗಳೂರಿನ ವಕೀಲರು ನೋಡಿದರೆ ಸಾಲದು, ಇಲ್ಲಿನ ವಕೀಲರೇ ಬೇಕು.

ಮೂಲಗೇಣಿ ಜಾಗ ಉಡುಪಿ, ಮಂಗಳೂರು ಪೇಟೆಯೊಳಗೆ ಇವತ್ತಿಗೂ ಇದೆ. ತಲೆತಲಾಂತರದ ಗೇಣಿ ಹಕ್ಕು ಒಬ್ಬರದ್ದು, ಮೂಲಿ ಹಕ್ಕು (ಮೂಲ ಒಡೆಯರ ಹಕ್ಕು) ಇನ್ನೊಬ್ಬರದ್ದು. ಗೇಣಿದಾರರಿಗೆ ಒಡೆತನ ಕೊಡಲು 2011ರ ಕಾಯ್ದೆ ಇದೆ. ಆದರೆ ನೀವು ಕೊಳ್ಳುವ ಜಾಗದ ಮೂಲಿ ಹಕ್ಕು ತೀರಿದೆಯೇ ಎಂದು ಕಾಗದದಲ್ಲೇ ಕಾಣಬೇಕು, ಬಾಯಿಮಾತಿಗೆ ಒಪ್ಪಬೇಡಿ. ಕುಮ್ಕಿ ಇನ್ನೊಂದು. "10 ಸೆಂಟ್ಸ್ ವರ್ಗ, ಹಿಂದೆ 15 ಸೆಂಟ್ಸ್ ಕುಮ್ಕಿ ಉಂಟು" ಎಂದು ಬ್ರೋಕರ್ ಹೇಳುತ್ತಾರೆ. ವರ್ಗ ಅಂದರೆ ಸ್ವಂತ ಪಟ್ಟಾ ಜಾಗ, ಕುಮ್ಕಿ ಅದರ ಪಕ್ಕದ ಸರ್ಕಾರದ ಜಾಗ. ಹಿಂದಿನಿಂದ ಸೊಪ್ಪು, ಕಟ್ಟಿಗೆಗೆ ಬಳಸುವ ಸವಲತ್ತು ಇತ್ತು, ಒಡೆತನ ಅಲ್ಲ. ಅದಕ್ಕೆ ಬೆಲೆ ಕೊಡಬೇಡಿ.

ಅಳಿಯಸಂತಾನದ (ತಾಯಿಯ ಕಡೆಯಿಂದ ಆಸ್ತಿ ಇಳಿಯುವ) ಕುಟುಂಬದ ಆಸ್ತಿಯಾದರೆ ಪಾಲುದಾರರು ಎಷ್ಟು ಜನ, ಎಲ್ಲೆಲ್ಲಿ ಇದ್ದಾರೆ, ಎಲ್ಲರ ಸಹಿ ಇದೆಯೇ ನೋಡಿ. ಜಾಗದಲ್ಲಿ ನಾಗಬನ ಅಥವಾ ದೈವದ ಕಲ್ಲು ಇದ್ದರೆ ಆ ಕುಟುಂಬದವರು ವರ್ಷಕ್ಕೊಮ್ಮೆ ತಂಬಿಲದ ಪೂಜೆಗೆ ಬರುತ್ತಾರೆ. ಆ ದಾರಿ ಮುಚ್ಚುವಂತಿಲ್ಲ. ಇದನ್ನು ತೊಂದರೆ ಎಂದು ನಾನು ಹೇಳುವುದಿಲ್ಲ, ಗೊತ್ತಿದ್ದು ಕೊಳ್ಳಬೇಕು ಅಷ್ಟೇ.

ಕಡಲ ಬದಿಯ ಜಾಗದ ಆಸೆ ಇರುವವರಿಗೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಇದೆ. ಭರತದ ಗೆರೆಯಿಂದ 500 ಮೀಟರ್‌ವರೆಗೆ ಅದರ ವ್ಯಾಪ್ತಿ. 2019ರ ಅಧಿಸೂಚನೆಯ ಪ್ರಕಾರ ಗ್ರಾಮೀಣ ಪ್ರದೇಶದಲ್ಲಿ ಜನದಟ್ಟಣೆ ಜಾಸ್ತಿ ಇದ್ದರೆ ಮೊದಲ 50 ಮೀಟರ್, ಇಲ್ಲದಿದ್ದರೆ 200 ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿಲ್ಲ. ಭರತ ಏರುವ ಹೊಳೆಯ ಬದಿಗೂ ನಿಯಮ ಇದೆ. ನಿಯಮ ಏನೇ ಇರಲಿ, ಕಡಲ್ಕೊರೆತ ಕಣ್ಣಾರೆ ನೋಡಿದವರು ಕಡಲಿಗೆ ಅಂಟಿಕೊಂಡು ಮನೆ ಬೇಕು ಎನ್ನುವುದಿಲ್ಲ. 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ಬಂದಾಗ ಅಕ್ಕನ ಮನೆಗೆ ಏನೂ ಆಗಲಿಲ್ಲ. ಆದರೆ ರಾತ್ರಿಯಿಡೀ ಇಬ್ಬರೂ ಬಟ್ಟೆಯ ಚೀಲ ಕಟ್ಟಿಕೊಂಡು ಕೂತಿದ್ದರು.

ಉಳಿದದ್ದು ಎಲ್ಲ ಕಡೆ ಇರುವಂಥದ್ದೇ. ಪಂಚಾಯತ್‌ನಲ್ಲಿ 9/11 (ನಮೂನೆ 9 ಮತ್ತು 11), ನಗರಸಭೆಯಲ್ಲಿ ಇ-ಖಾತಾ, ಭೂಪರಿವರ್ತನೆ ಆದೇಶ, 30 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ). 50 ಲಕ್ಷ ಅಥವಾ ಅದಕ್ಕೆ ಮೇಲಿನ ಖರೀದಿಗೆ 1% ಟಿಡಿಎಸ್ ಕಡಿಯಬೇಕು. ಮಾರುವವರು ಎನ್‌ಆರ್‌ಐ ಆಗಿದ್ದರೆ ದರ ಬಹಳ ಜಾಸ್ತಿ, 50 ಲಕ್ಷದ ಮಿತಿಯೂ ಇಲ್ಲ. ಇಲ್ಲಿ ಮಾರುವವರಲ್ಲಿ ಎಷ್ಟೋ ಜನ ಹೊರದೇಶದಲ್ಲಿ ಇರುವುದರಿಂದ ಇದನ್ನು ಮರೆಯಬೇಡಿ. ಮತ್ತೆ, ವಿದೇಶದಲ್ಲಿರುವ ಮಗನ ಹೆಸರಿಗೆ ಗದ್ದೆ-ತೋಟ ಕೊಳ್ಳಲು ಹೋಗಬೇಡಿ. ಎನ್‌ಆರ್‌ಐಗಳು ಕೃಷಿ ಜಮೀನು ಪಿತ್ರಾರ್ಜಿತವಾಗಿ ಪಡೆಯಬಹುದು, ಕೊಳ್ಳುವಂತಿಲ್ಲ.

ಫ್ಲಾಟ್

ಊರಿಗೆ ಬಂದೂ ಫ್ಲಾಟಾ ಎಂದು ಅತ್ತಿಗೆ ಕೇಳಿದ್ದರು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಮಳೆಗಾಲದ ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಬಾಗಿಲು ತಟ್ಟಲು ಎದುರು ಮನೆ ಇದೆ. ಲಿಫ್ಟಿನಲ್ಲಿ ಇಳಿದರೆ ಕಾರು ನೆನೆಯದ ಜಾಗದಲ್ಲಿ ನಿಂತಿದೆ. ನಮ್ಮಲ್ಲಿಂದ ಮಣಿಪಾಲದ ಆಸ್ಪತ್ರೆ ಹತ್ತು ನಿಮಿಷ. ಅಕ್ಕನ ಮನೆಯಿಂದ ಹೆದ್ದಾರಿಯ ಮೇಲೆ, ಜೋರು ಮಳೆಯಲ್ಲಿ, ಮುಕ್ಕಾಲು ಗಂಟೆ. ಮನೆ ಆರಿಸುವಾಗ ಕಡಲಿಗೆ ಎಷ್ಟು ದೂರ ಎಂದು ಎಲ್ಲರೂ ಕೇಳುತ್ತಾರೆ. ಆಸ್ಪತ್ರೆಗೆ ಎಷ್ಟು ಹೊತ್ತು ಎಂದು ಮೊದಲು ಕೇಳಿ.

ಫ್ಲಾಟಿನಲ್ಲಿ ನೋಡಬೇಕಾದ್ದು ಕಡಿಮೆ, ಆದರೆ ಬಿಡದೆ ನೋಡಬೇಕು. ಲಿಫ್ಟಿಗೆ ಜನರೇಟರ್ ಇದೆಯೇ, ಸ್ಟ್ರೆಚರ್ ಹಿಡಿಯುತ್ತದೆಯೇ? ನಾವು ಹೋಗಿ ಟೇಪ್ ಹಿಡಿದು ಅಳೆದೆವು. ಏಪ್ರಿಲ್-ಮೇಯಲ್ಲಿ ಟ್ಯಾಂಕರ್ ನೀರಿಗೆ ಎಷ್ಟು ಖರ್ಚಾಗಿದೆ ಎಂದು ಸಂಘದ ಹಿಂದಿನ ವರ್ಷದ ಲೆಕ್ಕ ಕೇಳಿ. ವಾಸಯೋಗ್ಯ ಪ್ರಮಾಣಪತ್ರ, ಹೊಸ ಕಟ್ಟಡವಾದರೆ ರೇರಾ ನೋಂದಣಿ ನೋಡಿ. ಪಶ್ಚಿಮದ ಗೋಡೆಗೆ ಮಳೆಗಾಳಿ ನೇರ ಹೊಡೆಯುತ್ತದೆ. ಮಲಗುವ ಕೋಣೆ ಆ ಕಡೆ ಇದ್ದರೆ ಮೂಲೆಯಲ್ಲಿ ಕೈಯಿಟ್ಟು ನೋಡಿ. ಮೇಲ್ಮಹಡಿ ಬೇಡ, ಸೋರುವುದೂ ಸೆಕೆಯೂ ಅಲ್ಲೇ ಜಾಸ್ತಿ. ಮೊದಲ ಅಥವಾ ಎರಡನೇ ಮಹಡಿ ಸಾಕು, ಲಿಫ್ಟ್ ಕೈಕೊಟ್ಟರೂ ನಿಧಾನಕ್ಕೆ ಇಳಿಯಬಹುದು. ಮೀನು ತಿನ್ನುವವರು ಮೊದಲೇ ವಿಚಾರಿಸಿ, ಕೆಲವು ಕಟ್ಟಡಗಳಲ್ಲಿ ಸಸ್ಯಾಹಾರಿಗಳೇ ಇರುತ್ತಾರೆ, ಆಮೇಲೆ ಮನಸ್ತಾಪ ಬೇಡ.

ಕಳೆದುಕೊಂಡದ್ದೂ ಇದೆ. ಬಸಳೆ ಈಗ ಕುಂಡದಲ್ಲಿ. ಮಳೆ ಬಂದಾಗ ಹಂಚಿನ ಮೇಲೆ ಬೀಳುವ ಸದ್ದಿಲ್ಲ. ಅದು ಬೇಕೆನಿಸಿದಾಗ ಅಕ್ಕನ ಮನೆಗೆ ಹೋಗುತ್ತೇನೆ.

ಯಾರಿಗೆ ಯಾವುದು

60ರ ಆಸುಪಾಸು, ಆರೋಗ್ಯ ಚೆನ್ನಾಗಿದೆ, ಊರಿನಲ್ಲಿ ಅಣ್ಣತಮ್ಮಂದಿರು ಇದ್ದಾರೆ, ಮಣ್ಣಿನ ಕೆಲಸದ ಹುಚ್ಚಿದೆ ಎಂದಾದರೆ ಅಂಗಳದ ಮನೆ ಮಾಡಿ, ಹತ್ತು-ಹದಿನೈದು ವರ್ಷ ಸುಖಪಡಿ. ಆದರೆ ಪೂರ್ವಜರ ಮನೆಯಲ್ಲಿ ಪಾಲು ಇದ್ದರೆ ಹೊಸದು ಕಟ್ಟುವ ಮೊದಲು ಅದನ್ನೇ ದುರಸ್ತಿ ಮಾಡಿ ಇರಲು ಆಗುತ್ತದೆಯೇ ನೋಡಿ. ಮಕ್ಕಳು ದೂರದಲ್ಲಿದ್ದು ಇಬ್ಬರೇ ಇರುವವರಿಗೆ, ಅದರಲ್ಲೂ ಒಬ್ಬರಿಗೆ ಬಿಪಿ-ಶುಗರ್ ಇದ್ದರೆ, ಎರಡು ವರ್ಷ ಬಾಡಿಗೆ, ಆಮೇಲೆ ಫ್ಲಾಟ್ ಎಂದೇ ನನ್ನ ಮಾತು. ಒಬ್ಬರೇ ಇರುವವರಿಗಂತೂ ಒಂಟಿ ಮನೆ ಬೇಡ. ಕೈಯಲ್ಲಿ ಹಣ ಕಡಿಮೆ ಇದ್ದು ಪೆನ್ಷನ್ ಚೆನ್ನಾಗಿ ಬರುವವರಿಗೆ ನೋಂದಾಯಿಸಿದ ದೀರ್ಘ ಕರಾರಿನ ಬಾಡಿಗೆ ಮನೆ ಸರಿ. ಸರ್ಕಾರಿ ಪೆನ್ಷನ್ ಆದರೆ ತುಟ್ಟಿಭತ್ಯೆ ಏರುವುದರಿಂದ ಬಾಡಿಗೆ ಏರಿದರೂ ತಡೆದುಕೊಳ್ಳಬಹುದು.

ಕಳೆದ ತಿಂಗಳು ಅಕ್ಕ ಫೋನ್ ಮಾಡಿದಳು. ಭಾವನಿಗೆ ಈಗ 76. ಮಹಡಿ ಮೆಟ್ಟಿಲು ಹತ್ತುವುದು ಬಿಟ್ಟಿದ್ದಾರಂತೆ, ಮೇಲಿನ ಎರಡು ಕೋಣೆ ಬೀಗ ಹಾಕಿದೆಯಂತೆ. "ನಿಮ್ಮ ಬಿಲ್ಡಿಂಗಿನಲ್ಲಿ ಬಾಡಿಗೆಗೆ ಯಾವುದಾದರೂ ಖಾಲಿ ಇದ್ದರೆ ಹೇಳು. ಈ ಮಳೆಗಾಲ ಒಂದು ಅಲ್ಲಿ ಇದ್ದು ನೋಡುತ್ತೇವೆ" ಎಂದಳು. ನಮ್ಮ ಕೆಳಗಿನ ಮಹಡಿಯ ಫ್ಲಾಟ್ ಮೇ 15ಕ್ಕೆ ಖಾಲಿಯಾಗುತ್ತದೆ. ಓನರ್ ಹತ್ತಿರ ಮಾತಾಡಿಯಾಗಿದೆ.